ನಡುಗೋಡೆ ಹಾಗೂ ಕೆಂಚನ ಜ್ವರದ ಕುರಿತು

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ. ಅಧ್ಯಾಯವನ್ನು ಆರಂಭಿಸುವ ಮೊದಲೇ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ನಾನು ಶಾಲೆಯಲ್ಲಿ ಕಲಿತದ್ದು ತಮಿಳು. ಮೈಸೂರು ಸೀಮೆಯಿಂದ ಬಂದು ಊಟಿ ಬೆಟ್ಟದ ಕೆಳಗಿನ ಮಸಿನಗುಡಿಯಲ್ಲಿ ನೆಲೆಸಿದ ನಮ್ಮಂಥ ಮನೆಗಳಲ್ಲಿ ಕನ್ನಡವು ನಾಲಿಗೆಗೆ ಇತ್ತೇ ಹೊರತು ಬೆರಳಿಗೆ ಇರಲಿಲ್ಲ. ನನ್ನ ತಂದೆಯವರು ಗುಂಡ್ಲುಪೇಟೆಯ ಕಚೇರಿಗಳಿಗೆ ಆಗಾಗ ಅರ್ಜಿ ಬರೆಯುತ್ತಿದ್ದರು. ಅವುಗಳ ಎರಡನೆಯ ಪ್ರತಿಯನ್ನು ಅಂದವಾಗಿ ಬರೆದುಕೊಡುವ ಕೆಲಸ ನನ್ನದಾಗಿತ್ತು. ನನಗೆ ಬರುವ ಬರವಣಿಗೆಯ ಕನ್ನಡವೆಲ್ಲ ಆ ಅರ್ಜಿಗಳಿಂದ ಬಂದದ್ದು. ಆದ್ದರಿಂದ ಒಲೆ, ಕೊಟ್ಟಿಗೆ, ನಾಯಿಗಳ ವಿಷಯ ಬರೆಯಲು ಕುಳಿತರೂ ಕೈ ತಾನಾಗಿಯೇ 'ಸದರಿ' ಎಂದೂ 'ಮೇಲ್ಕಂಡ' ಎಂದೂ ಬರೆದುಬಿಡುತ್ತದೆ. ಇದನ್ನು ಜಂಬವೆಂದು ಭಾವಿಸಬಾರದಾಗಿ ಪ್ರಾರ್ಥನೆ.

ನಮ್ಮ ಸದರಿ ಮನೆಯು ಮೂಲದಲ್ಲಿ ಒಂದೇ ಮನೆ. ಮುಂದೆ ಉದ್ದನೆಯ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಯಲ್ಲಿ ದನದ ಕೊಟ್ಟಿಗೆ. ನನ್ನ ತಂದೆಯವರೂ ಅವರ ಅಣ್ಣನವರೂ, ಅಂದರೆ ನನ್ನ ದೊಡ್ಡಪ್ಪನವರೂ, ಪಾಲಾದಾಗ ಹಂಚಿನ ಮಾಡನ್ನು ಹಾಗೆಯೇ ಉಳಿಸಿಕೊಂಡು, ಜಗಲಿಯಿಂದ ಕೊಟ್ಟಿಗೆಯ ತುದಿಯವರೆಗೆ ಹಸಿ ಇಟ್ಟಿಗೆಯ ಒಂದು ಗೋಡೆ ಎಬ್ಬಿಸಿದರು; ಕಟ್ಟಿದವರು ದೊಡ್ಡಪ್ಪನವರು. ಅದಕ್ಕೆ ನಾವು ನಡುಗೋಡೆ ಎನ್ನುತ್ತಿದ್ದೆವು. ಎರಡೂ ಬದಿಯಲ್ಲಿ ಗೂಟಕ್ಕೆ ದನ, ಎರಡೂ ಬದಿಯಲ್ಲಿ ಒಲೆ, ಎರಡೂ ಬದಿಯ ಹಿತ್ತಿಲಲ್ಲಿ ಗೊಬ್ಬರದ ಗುಡ್ಡೆ. ದನಗಳು ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ಬರುತ್ತಿದ್ದವು. ಅವುಗಳ ಗೊಬ್ಬರವನ್ನು ಲಾರಿಗೆ ತುಂಬಿ ಕಲ್ಲಟ್ಟಿ ಘಾಟಿಯ ತಿರುವುಗಳನ್ನು ಹತ್ತಿಸಿ ನಂಜನಾಡಿನ ಆಲೂಗಡ್ಡೆ ಹೊಲಗಳಿಗೆ ಕಳಿಸುವುದೇ ನಮ್ಮ ಎರಡೂ ಮನೆಗಳ ಜೀವನ. ಈ ನಡುಗೋಡೆಗೆ ಎರಡು ವಿಶೇಷಗಳಿದ್ದವು. ಒಂದು, ಅಡುಗೆಮನೆಯ ಹತ್ತಿರ ಅದರಲ್ಲೊಂದು ಸಣ್ಣ ಬಾಗಿಲಿತ್ತು. ನನ್ನ ಅಜ್ಜಿಯನ್ನು ಪಾಲು ಮಾಡಲು ಬರುವುದಿಲ್ಲವಾದ್ದರಿಂದ ಅವರು ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ ಉಣ್ಣಬೇಕೆಂದು ಊರಿನ ಹಿರಿಯರು ತೀರ್ಮಾನಿಸಿದ್ದರು. ಆ ಬಾಗಿಲು ಅವರಿಗಾಗಿ ಮಾತ್ರ ಇತ್ತು. ನಾವು ಯಾರೂ ಅದನ್ನು ದಾಟುತ್ತಿರಲಿಲ್ಲ. ಎರಡನೆಯದು, ಆ ಗೋಡೆಗೆ ಆಗ ಗಿಲಾವು ಆಗಿರಲಿಲ್ಲ. ಗೋಡೆಯು ತಮ್ಮ ಕಡೆಗೆ ಒಂದು ಗೇಣು ಸರಿದು ಬಂದಿದೆಯೆಂದು ತಂದೆಯವರಿಗೆ ಅನುಮಾನ. ದೊಡ್ಡಪ್ಪನವರಿಗೂ ಅದೇ ಗೇಣಿನ ಬಗ್ಗೆ ಅದೇ ಅನುಮಾನ. ಮಣ್ಣು ಮೆತ್ತಿದವನು ಗೋಡೆ ನಿಂತ ಜಾಗವನ್ನು ಒಪ್ಪಿಕೊಂಡಂತಾಗುತ್ತದೆಂಬ ಲೆಕ್ಕದಲ್ಲಿ ಇಬ್ಬರೂ ಅದನ್ನು ಬರಿ ಇಟ್ಟಿಗೆಯಾಗಿಯೇ ಬಿಟ್ಟಿದ್ದರು. ಕೊಟ್ಟಿಗೆಯ ಭಾಗದಲ್ಲಿ ಇಟ್ಟಿಗೆಯ ಸಂದುಗಳು ಬೆರಳು ಹೋಗುವಷ್ಟು ಬಾಯಿ ಬಿಟ್ಟಿದ್ದವು.

ನಮ್ಮ ಕಡೆಯಲ್ಲಿ ಮೊದಲು ಬೊಳ್ಳ ಎಂಬ ಬಿಳಿಯ ನಾಯಿ ಇತ್ತು. ಅದು ಒಂದು ಬೇಸಿಗೆಯಲ್ಲಿ ಊಟ ಬಿಟ್ಟು, ಮೂಗಿನಿಂದ ರಕ್ತ ಸುರಿಸಿ ಸತ್ತಿತು. ಇಲಿಪಾಷಾಣ ತಿಂದ ಪ್ರಾಣಿಗೂ ಹಾಗೆಯೇ ರಕ್ತ ಬರುತ್ತದೆಂದು ಯಾರೋ ಹೇಳಿದರು. ದೊಡ್ಡಪ್ಪನವರು ಅಟ್ಟದ ರಾಗಿಗೆ ಇಲಿ ಬೀಳುತ್ತದೆಂದು ಪಾಷಾಣ ತಂದಿಟ್ಟಿದ್ದ ಸಂಗತಿಯನ್ನು ಅಜ್ಜಿ ಎಂದೋ ಮಾತಿಗೆ ಹೇಳಿದ್ದರು. ಈ ಎರಡು ಮಾತುಗಳನ್ನು ನನ್ನ ತಾಯಿಯವರು ಸೇರಿಸಿಕೊಂಡರು. ಅಂದಿನಿಂದ ನಮ್ಮ ಅಡುಗೆಮನೆಯ ರೀತಿ ಬದಲಾಯಿತು. ಸಾರಿನ ಮಡಕೆಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಹಾಲು ನೆಲುವಿನ ಮೇಲೆ. ಮುದ್ದೆಯನ್ನು ತಟ್ಟೆಗೆ ಹಾಕಿದ ಮೇಲೆ ಯಾರೂ ತಟ್ಟೆ ಬಿಟ್ಟು ಎದ್ದು ಹೋಗಬಾರದು. ನಾನು ನೀರು ಕುಡಿಯಲು ಎದ್ದರೂ ತಟ್ಟೆಯನ್ನು ಎತ್ತಿಕೊಂಡೇ ಏಳಬೇಕಾಗಿತ್ತು. ಅಜ್ಜಿ ಆ ಕಡೆಯ ತಿಂಗಳಲ್ಲಿ ನಮ್ಮನ್ನು ನೋಡಲು ಬಂದಾಗ ತಾಯಿಯವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು.

"ಸೆರಗ್ನಲ್ಲೇನತ್ತೆ ಗಂಟು?"

"ಎಲಡಿಕೆ ಕನವ್ವ. ಬಿಚ್ಚಿ ತೋರಿಸ್ಲಾ?"

"ಬ್ಯಾಡ ಬುಡಿ. ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋಳು ನೀನಲ್ಲ. ತಗಾ, ನೋಡು. ಎಲೆ ಎಲ್ಡು, ಅಡಿಕೆ ಒಂದು, ಸುಣ್ಣ ಒಸಿ. ನಿನ್ ಗಂಡನ್ನ ಹೆತ್ತೋಳು ನಾನು, ನನ್ ಸೆರಗಿಗೇ ಕಾವಲು!"

ಬೊಳ್ಳನ ನಂತರ ಬಂದವನು ಕೆಂಚ. ಕೆಂಪು ಕಂದು ಬಣ್ಣದ, ಬಾಲ ಸುತ್ತಿಕೊಂಡ, ದನಗಳ ಹಿಂದೆ ಕಾಡಿಗೆ ಹೋಗಿ ಬರುವ ನಾಯಿ. ಕೆಂಚನಿಗೆ ಪಾಲಿನ ತಿಳಿವಳಿಕೆ ಇರಲಿಲ್ಲ. ಈ ಕಡೆ ಉಂಡು ಆ ಕಡೆ ಕೈ ನೆಕ್ಕಿ ಬರುತ್ತಿದ್ದ. ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣಿ ಕೀಳುವುದು ದಿನದ ಪದ್ಧತಿಯಾಗಿತ್ತು. ಪುಸ್ತಕದಲ್ಲಿ ಉಣುಗು ಎಂದು ಬರೆಯುವ, ರಕ್ತ ಹೀರುವ ಆ ಹುಳಕ್ಕೆ ನಮ್ಮ ಕಡೆ ಉಣ್ಣಿ ಎಂದೇ ಹೆಸರು. ಪಕ್ಕದಲ್ಲಿ ತೆಂಗಿನ ಕರಟ, ಅದರಲ್ಲಿ ಸೀಮೆಎಣ್ಣೆ. ಕಿವಿಯೊಳಗಿಂದ, ಕಾಲ್ಬೆರಳ ಸಂದಿನಿಂದ, ಕತ್ತಿನ ಮಡಿಕೆಯಿಂದ ಒಂದೊಂದನ್ನೇ ಎಳೆದು ಕರಟಕ್ಕೆ ಹಾಕುವಾಗ ಅವರು ಊರಿನವರ ಸುದ್ದಿಯನ್ನೆಲ್ಲ ಕೆಂಚನಿಗೆ ಹೇಳುತ್ತಿದ್ದರು. ನಾನು ಶಾಲೆಯಿಂದ ಬಂದಾಗ ಊರಿನ ಸಂಗತಿ ನನಗಿಂತ ಮೊದಲು ನಾಯಿಗೆ ತಿಳಿದಿರುತ್ತಿತ್ತು.

ಒಂದು ವರ್ಷ ಮಳೆ ತಡವಾಗಿ, ಕಾಡು ಒಣಗಿ, ದನಗಳ ಮೈತುಂಬ ಉಣ್ಣಿ ಹತ್ತಿದ್ದ ಕಾಲದಲ್ಲಿ ಕೆಂಚ ಕುಂಟತೊಡಗಿದ. ಒಂದು ದಿನ ಮುಂಗಾಲು, ಮರುದಿನ ಹಿಂಗಾಲು. ಕಲ್ಲು ಹೊಡೆದಿದ್ದಾರೆ ಎಂದರು ತಾಯಿಯವರು. ಯಾರು ಎಂದು ಹೇಳಲಿಲ್ಲ, ಗೋಡೆಯ ಕಡೆ ನೋಡಿದರು. ನಂತರ ಅವನು ಮುದ್ದೆಯನ್ನು ಮೂಸಿ ಬಿಟ್ಟುಬಿಟ್ಟ. ಹೊಟ್ಟೆಯ ಚರ್ಮದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು ಎದ್ದವು. ಒಂದು ಬೆಳಿಗ್ಗೆ ತಾಯಿಯವರು ಜಗಲಿ ಸಾರಿಸಲು ಹೋದಾಗ ಅಲ್ಲಿ ರಕ್ತದ ಹನಿಗಳಿದ್ದವು. ಕೆಂಚನ ಮೂಗಿನ ಒಂದು ಹೊಳ್ಳೆಯಿಂದ ರಕ್ತ ಇಳಿಯುತ್ತಿತ್ತು. ತಾಯಿಯವರು ಸಗಣಿ ಬುಟ್ಟಿಯನ್ನು ಅಲ್ಲೇ ಇಟ್ಟು ತಂದೆಯವರನ್ನು ಕೂಗಿದರು.

"ಬಂದ್ ನೋಡಿ ಇಲ್ಲಿ. ಬೊಳ್ಳಂಗೂ ಹಿಂಗೇ ಅಲ್ವಾ ಆಗಿದ್ದು? ನಾನ್ ಹೇಳ್ದಾಗ ನಕ್ಕಿದ್ರಿ."

"ನಾನೆಲ್ಲಿ ನಕ್ಕೆ?"

"ಮನಸ್ಸಲ್ಲಿ ನಕ್ಕಿದ್ರಿ."

ತಂದೆಯವರು ಆ ದಿನ ನಗಲಿಲ್ಲ. ನೇರವಾಗಿ ನಡುಗೋಡೆಯ ಬಾಗಿಲಿನ ಮುಂದೆ ಹೋಗಿ ನಿಂತು, ಆ ಕಡೆಗೆ ಕೇಳಿಸಲೆಂದು ಗಂಟಲು ಎತ್ತಿ ಹೇಳಿದರು.

"ಈ ನಾಯಿ ಸತ್ರೆ ಈ ಬಾಗ್ಲಿಗೆ ಮೊಳೆ ಬೀಳ್ತದೆ. ಕೇಳಿಸ್ಕಳೋರು ಕೇಳಿಸ್ಕಳ್ಳಿ. ಹೆತ್ತವ್ವ ಯಾವ್ ಕಡೆ ಇರ್ತಾಳೋ ಆ ಕಡೇಗೇ ಇರ್ಲಿ."

ಅಜ್ಜಿ ನಮ್ಮ ಅಡುಗೆಮನೆಯಲ್ಲೇ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಕೈ ನಿಂತಿತು. ಮಗನ ಮುಖ ನೋಡಲಿಲ್ಲ, ಬಾಗಿಲನ್ನು ನೋಡಿದರು. ಎರಡೂ ಮನೆಗಳ ಮೊಮ್ಮಕ್ಕಳನ್ನು ಕಾಣಲು ಅವರಿಗಿದ್ದ ದಾರಿ ಅದೊಂದೇ. ಬೀದಿಯಿಂದ ಸುತ್ತಿ ಬರಬಹುದಾಗಿತ್ತು. ಆದರೆ ಮಗನೊಬ್ಬ ಬಾಗಿಲಿಗೆ ಮೊಳೆ ಹೊಡೆದ ಮೇಲೆ ಬೀದಿಯಿಂದ ಬರುವವಳು ತಾಯಿಯಲ್ಲ, ನೆಂಟಳು ಎಂದು ಅವರು ಆಮೇಲೆ ನನ್ನೊಡನೆ ಹೇಳಿದರು. ಹೀಗಾಗಿ ಕೆಂಚನ ಪ್ರಾಣದ ಮೇಲೆ ಅಜ್ಜಿಯ ಬಾಗಿಲು ನಿಂತಿತು.

ಅಂದೇ ಮಧ್ಯಾಹ್ನದಿಂದ ಕೆಂಚನಿಗೆ ರಕ್ಷಣಾ ಕ್ರಮಗಳು ಜಾರಿಗೆ ಬಂದವು. ಜಗಲಿಯಲ್ಲಿದ್ದರೆ ಯಾರಾದರೂ ಏನಾದರೂ ಹಾಕುತ್ತಾರೆಂದು ಅವನನ್ನು ಕೊಟ್ಟಿಗೆಯಲ್ಲಿ ಕರುಗಳನ್ನು ಕಟ್ಟುವ ಮೂಲೆಗೆ ಸಾಗಿಸಲಾಯಿತು. ಆ ಮೂಲೆಗೆ ಮೂರು ಕಡೆ ತಡಿಕೆ, ಒಂದು ಕಡೆ ನಡುಗೋಡೆ. ಗೋಡೆಗೆ ಒತ್ತಿ ಗೋಣಿಚೀಲ ಹಾಸಿ ಮಲಗಿಸಿ, ತಡಿಕೆಗೆ ಸರಪಳಿ ಹಾಕಿದರು. ಅನ್ನ ನೀರು ತಾಯಿಯವರ ಕೈಯಿಂದ ಮಾತ್ರ. ಅಜ್ಜಿ ಅವನನ್ನು ಮುಟ್ಟಕೂಡದು. ಕರಟದ ಸೀಮೆಎಣ್ಣೆಯನ್ನು ತಾಯಿಯವರು ಹಿತ್ತಿಲಿಗೆ ಚೆಲ್ಲಿದರು. ಅದರಲ್ಲೂ ಏನಿತ್ತೋ ಎಂದು ಅವರಿಗೆ ಅನುಮಾನ.

ಇಷ್ಟು ಕಾವಲಿದ್ದರೂ ಕೆಂಚ ಇನ್ನೂ ಕ್ಷೀಣಿಸಿದ. ಇದರಿಂದ ತಾಯಿಯವರ ಅನುಮಾನ ಕಡಿಮೆಯಾಗುವ ಬದಲು ಮನೆಯೊಳಕ್ಕೇ ತಿರುಗಿತು. ಯಾರು ಸರಪಳಿ ಬಿಚ್ಚಿದ್ದು, ನೀರಿನ ಚಟ್ಟಿ ಯಾಕೆ ಆ ಕಡೆ ತಿರುಗಿದೆ, ಗೋಡೆಯ ಸಂದಿನಿಂದ ಏನನ್ನಾದರೂ ಉರುಳಿಸಬಹುದಲ್ಲವೇ ಎಂದು ನನ್ನನ್ನೂ ಕೇಳಿದರು. ನಾನು ಶಾಲೆಗೆ ಹೋಗುವ ಮೊದಲು ಸರಪಳಿಯ ಕೊಂಡಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸಿ, ಬಂದ ಮೇಲೆ ಅದು ಹಾಗೆಯೇ ಇದೆಯೇ ಎಂದು ನೋಡುತ್ತಿದ್ದೆ. ಕಡ್ಡಿ ಹಾಗೆಯೇ ಇರುತ್ತಿತ್ತು. ಆದರೂ ಅದು ಅದೇ ಕಡ್ಡಿಯೇ ಎಂದು ನನಗೆ ಸಂಶಯ ಬರುತ್ತಿತ್ತು. ನಾನು ಇಂದು ಎಂಥ ಮನುಷ್ಯಳಾಗಿದ್ದೇನೋ ಅದರ ಬಹುಭಾಗ ಆ ಕೊಟ್ಟಿಗೆಯ ಮೂಲೆಯಲ್ಲಿ ತಯಾರಾಯಿತೆಂದು ನನ್ನ ನಂಬಿಕೆ. ಈಗಲೂ ಬೀಗ ಹಾಕಿ ಮೂರು ಹೆಜ್ಜೆ ಹೋಗಿ ಹಿಂತಿರುಗಿ ಎಳೆದು ನೋಡುತ್ತೇನೆ. ಹತ್ತಿರದ ನೆಂಟರ ಮನೆಯಲ್ಲೂ ತುತ್ತು ಎತ್ತುವ ಮೊದಲು ಎದುರಿಗಿರುವವರು ಉಣ್ಣತೊಡಗಿದ್ದಾರೆಯೇ ಎಂದು ಕಣ್ಣು ತಾನಾಗಿ ಹೋಗುತ್ತದೆ.

ಕೊನೆಗೆ ತಂದೆಯವರು ಪೊಲೀಸರಿಗೆ ದೂರು ಅರ್ಜಿ ಕೊಡುವುದೆಂದು ನಿರ್ಧರಿಸಿದರು. ಅರ್ಜಿಗೆ ಆಧಾರ ಬೇಕು. ಆದ್ದರಿಂದ, ನಾಯಿಗೆ ವಿಷ ಹಾಕಲಾಗಿದೆ ಎಂದು ಬರೆಸಿಕೊಳ್ಳುವ ಉದ್ದೇಶದಿಂದ, ಕೆಂಚನನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ದನದ ಆಸ್ಪತ್ರೆಗೆ ಹೊರಟರು. ಆಸ್ಪತ್ರೆಯ ಡಾಕ್ಟರು ಬೆಟ್ಟದ ಕೆಳಗಿನ ಬಯಲಿನ ತಮಿಳರಾದರೂ ನಮ್ಮ ಜನರೊಡನೆ ತಾವು ಕಲಿತ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನೂ ಜೊತೆಗಿದ್ದೆ. ಡಾಕ್ಟರು ಕೆಂಚನ ತುಟಿ ಎತ್ತಿದರು. ಒಸಡು ಸುಣ್ಣ ಬಳಿದಂತೆ ಬಿಳುಚಿತ್ತು. ಕಿವಿ ಮಡಚಿದರು. ಒಳಗೆ ರಕ್ತ ಕುಡಿದು ಹರಳುಬೀಜದಂತೆ ಊದಿದ ಉಣ್ಣಿಗಳು ಒತ್ತೊತ್ತಾಗಿ ಕಚ್ಚಿಕೊಂಡಿದ್ದವು.

"ಇಷ್ಟು ಉಣ್ಣಿ ಯಾಕೆ ಬಿಟ್ಟಿರಿ? ಯಾರೂ ತೆಗೆಯೋದಿಲ್ಲವಾ?"

"ತೆಗೀತಿದ್ರು ಸಾರ್. ಈಗ ನಿಲ್ಸಿದೀವಿ."

"ಯಾಕೆ?"

ತಂದೆಯವರು ಗೋಣಿಯನ್ನು ಎಳೆದು ಸರಿಮಾಡಿದರು. ವಿಷ ಹಾಕಿದ್ದಾರೆ ಎಂದು ಬರೆದುಕೊಡಿ ಎಂದರು.

"ಇಲಿಮದ್ದು ತಿಂದರೂ ಮೂಗಲ್ಲಿ ರಕ್ತ. ಉಣ್ಣಿ ಜ್ವರ ಬಂದರೂ ಮೂಗಲ್ಲಿ ರಕ್ತ. ರಕ್ತ ನೋಡದೆ ನಾನು ಎರಡನ್ನೂ ಬರೆಯೋದಿಲ್ಲ."

"ಕಾಲು ಕುಂಟ್ತದಲ್ಲ ಸಾರ್, ಅದು?"

"ಕೀಲಿಗೂ ಬರುತ್ತದೆ. ಹೊರದೇಶದಲ್ಲಿ ಲೈಮ್ ಅಂತ ಒಂದು ಕಾಯಿಲೆ, ಅದೂ ಉಣ್ಣಿಯಿಂದಲೇ, ನಾಯಿ ಹೀಗೇ ಕಾಲು ಬದಲಿಸಿ ಬದಲಿಸಿ ಕುಂಟುತ್ತದಂತೆ. ಪುಸ್ತಕದಲ್ಲಿ ಓದಿದ್ದೇನೆ, ಇಲ್ಲಿ ನೋಡಿಲ್ಲ. ಇಲ್ಲಿಯದು ಬೇರೆ ಜ್ವರ ಇರಬೇಕು. ಊಟಿಗೆ ಕಳಿಸಿ ನೋಡೋಣ."

ಡಾಕ್ಟರು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಎಳೆದು ಒಣಗಿಸಿದರು. ಅದನ್ನು ಸಾಮಾನ್ಯವಾಗಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುವ ವಾಡಿಕೆಯಂತೆ. ತಂದೆಯವರು ಒಪ್ಪಲಿಲ್ಲ. ದಾರಿಯಲ್ಲಿ ಗಾಜು ಬದಲಾದರೆ ಯಾರು ಹೊಣೆ? ಅವರೇ ಅದನ್ನು ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣದಲ್ಲಿಟ್ಟು, ಅಂಗಿಯ ಒಳಜೇಬಿನಲ್ಲಿ ಹಾಕಿಕೊಂಡು, ಜೇಬಿನ ಮೇಲೆ ಕೈಯಿಟ್ಟು ಕಲ್ಲಟ್ಟಿ ರಸ್ತೆ ಹತ್ತಿ ಊಟಿಗೆ ಹೋದರು. ಮರುದಿನ ಸಂಜೆ ಬಂದರು. ಫಲಿತಾಂಶ ಉಣ್ಣಿ ಜ್ವರ. ರಕ್ತದ ಕಣಗಳೊಳಗೆ ಅದರ ಗುರುತು ಕಂಡಿದೆ ಎಂದು ಊಟಿಯವರು ಹೇಳಿದ್ದರು. ನಮ್ಮೂರ ಡಾಕ್ಟರು ಮಾತ್ರೆಯ ಪಟ್ಟಿಗಳನ್ನು ಕೊಟ್ಟು, ಕೆಲವು ವಾರ ಬಿಡದೆ ಹಾಕಬೇಕು, ಮಾತ್ರೆಯ ಮೇಲೆ ಊಟವಿರಬೇಕು, ಖಾರದ ಸಾರು ಬೇಡ, ಉಣ್ಣಿಯನ್ನು ಉಗುರಿನಲ್ಲಿ ಹಿಸುಕದೆ ಬುಡಕ್ಕೆ ಹಿಡಿದು ನೇರವಾಗಿ ಎಳೆಯಬೇಕು ಎಂದು ಹೇಳಿದರು. ತಂದೆಯವರು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದರಂತೆ.

"ಹಂಗಾರೆ ನಮ್ ಬೊಳ್ಳಂದೂ ಇದೇನಾ ಸಾರ್?"

"ಹೂತ ನಾಯಿಯ ರಕ್ತ ನೋಡೋಕೆ ನನಗೆ ಬರೋದಿಲ್ಲ."

ಈ ಒಂದು ಮಾತು ತಾಯಿಯವರಿಗೆ ಸಾಕಾಯಿತು. ಕೆಂಚನದು ಉಣ್ಣಿಯಾದರೂ ಆಗಿರಲಿ, ಬೊಳ್ಳನದು ಉಣ್ಣಿ ಎಂದು ಡಾಕ್ಟರೂ ಹೇಳಿಲ್ಲವಲ್ಲ ಎಂದರು. ಇನ್ನೂ ಒಂದು ಸಂಗತಿಯನ್ನು ಅವರು ಗಮನಕ್ಕೆ ತಂದರು.

"ಡಾಕ್ಟ್ರು ಮನೇಗೆ ಹಾಲು ಯಾರ್ ಕೊಡೋದು?"

ಡಾಕ್ಟರ ಮನೆಗೆ ಹಾಲು ದೊಡ್ಡಪ್ಪನವರ ಮನೆಯಿಂದ ಹೋಗುತ್ತಿತ್ತು.

"ಅವ್ರು ಕೊಟ್ಟ ಗುಳಿಗೆ ನಾನ್ ಹಾಕಾಕಿಲ್ಲ. ಊಟೀಲಿ ನೋಡ್ದಾಗ ನಿಮ್ನ ಒಳೀಕೆ ಬುಟ್ಕಂಡಿದ್ರಾ?"

"ಇಲ್ಲ. ಹೊರ್ಗೆ ಕೂರ್ಸಿದ್ರು."

"ನೋಡಿ ಮತ್ತೆ."

ಮಾತ್ರೆಗಳು ನೆಲುವಿನ ಮೇಲೆ ಹಾಲಿನ ಪಕ್ಕದಲ್ಲಿ ಹಾಗೆಯೇ ಕುಳಿತವು. ಕೊಟ್ಟಿಗೆಯಲ್ಲಿ ಕೆಂಚ ತಲೆ ಎತ್ತುವುದನ್ನೂ ಬಿಟ್ಟಿದ್ದ. ಅಜ್ಜಿ ಒಲೆಯ ಮುಂದೆ ಕುಳಿತಿದ್ದರು. ನಂತರ ಎದ್ದು, ನೆಲುವನ್ನು ಜಗ್ಗಿ, ಒಂದು ಮಾತ್ರೆ ಬಿಡಿಸಿ, ನಮ್ಮೆಲ್ಲರ ಎದುರು ತಮ್ಮ ಬಾಯಿಗೆ ಹಾಕಿಕೊಂಡು ಒಂದು ಚೊಂಬು ನೀರು ಕುಡಿದರು.

"ಅವ್ವ! ಅದು ನಾಯಿ ಗುಳಿಗೆ!" ಎಂದು ತಂದೆಯವರು ಕಿರುಚಿದರು.

"ನಾಯಿಗಿಂತ ಹೆಚ್ಚಾಗಿ ಯಾರ್ ನೋಡ್ಕಂಡಿದೀರಿ ನನ್ನ? ನಾನು ಸತ್ರೆ ಕೆಂಚಂಗೆ ಹಾಕ್ಬ್ಯಾಡಿ. ಬದುಕಿದ್ರೆ ಹಾಕಿ. ಆ ಬಾಗ್ಲಿಗೆ ಮೊಳೆ ಹೊಡ್ಯಕ್ಕಿಂತ ಇದು ಸಲೀಸು."

ತಾಯಿಯವರು ಅಜ್ಜಿಯ ಮೂಗನ್ನು ನೋಡುತ್ತ, ತಂದೆಯವರು ಕಾಲನ್ನು ನೋಡುತ್ತ ಕುಳಿತರು. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಸೆರಗು ಕೊಡವಿಕೊಂಡು ಎದ್ದರು.

"ಇನ್ನೂ ಸತ್ತಿಲ್ಲ ಕನವ್ವ. ಕಾಫಿ ಮಡಗು. ಹೊಟ್ಟೆ ಒಸಿ ತೊಳಸ್ತದೆ, ಅದು ನಿನ್ ಸೊಪ್ಪಿನ ಸಾರಿಂದಿರ್ಬೇಕು."

ತಾಯಿಯವರು ಕಾಫಿ ಕೊಟ್ಟರು. ನಂತರ ಮುದ್ದೆಯ ತುಣುಕಿನಲ್ಲಿ ಒಂದು ಮಾತ್ರೆ ಹುದುಗಿಸಿ ಕೊಟ್ಟಿಗೆಗೆ ಹೋದರು. ಆದರೂ ಅವರು ಆರಿಸಿದ್ದು ಅಜ್ಜಿ ಬಿಡಿಸಿದ ಪಟ್ಟಿಯ ಮಾತ್ರೆಯನ್ನಲ್ಲ, ಕೆಳಗಿದ್ದ ಬೇರೊಂದು ಪಟ್ಟಿಯದನ್ನು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೆಂಚ ಸ್ವಲ್ಪ ಚೇತರಿಸಿಕೊಂಡ. ರಕ್ತ ನಿಂತಿತು, ಗಂಜಿ ನೆಕ್ಕಿದ. ಅಜ್ಜಿಗೆ ಅವನನ್ನು ಮುಟ್ಟುವ ಅನುಮತಿ ಸಿಕ್ಕಿತು. ಅವರು ಕಿವಿಗಳನ್ನು ಪೂರ್ತಿ ಹಸನು ಮಾಡಿದರು. ಆದರೆ ಬೆಳಿಗ್ಗೆ ನೋಡಿದರೆ ಮತ್ತೆ ಉಣ್ಣಿ. ಸಂಜೆ ಕಿತ್ತರೆ ಬೆಳಿಗ್ಗೆ ಮತ್ತೆ. ಆ ಕಡೆಯಿಂದ ಯಾರೋ ಹಿಡಿದು ತಂದು ಬಿಡುತ್ತಿದ್ದಾರೆಂದು ತಾಯಿಯವರು ಹೇಳಿದಾಗ ತಂದೆಯವರೂ ಅದನ್ನು ಪೂರ್ತಿ ತಳ್ಳಿಹಾಕಲಿಲ್ಲ. ಡಾಕ್ಟರಿಗೆ ಈ ವಿಷಯ ತಿಳಿಸಿದಾಗ ಅವರು, ನಾಯಿ ಮಲಗುವ ಜಾಗ ನೋಡಬೇಕು ಎಂದು ತಾವೇ ಬಂದರು. ದೊಡ್ಡಪ್ಪನವರ ಮನೆಯಿಂದ ಹಾಲಿನ ಪಾತ್ರೆ ಹಿಡಿದು ನೇರವಾಗಿ ನಮ್ಮ ಬಾಗಿಲಿಗೆ ಬಂದದ್ದನ್ನು ತಾಯಿಯವರು ಗಮನಿಸದೆ ಇರಲಿಲ್ಲ.

ಡಾಕ್ಟರು ಕರುವಿನ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೆಂಚನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. ಪೊರಕೆಯಿಂದ ಒಂದು ಕಡ್ಡಿ ಮುರಿದು ಇಟ್ಟಿಗೆಯ ಸಂದಿಗೆ ಹಾಕಿ ಎಳೆದರು. ಮಣ್ಣಿನ ಜೊತೆ ಉಣ್ಣಿಗಳು ಉದುರಿದವು. ರಕ್ತ ಕುಡಿದವು, ಕುಡಿಯದವು, ಸಾಸಿವೆಗಿಂತ ಸಣ್ಣ ಮರಿಗಳು. ಇನ್ನೊಂದು ಸಂದಿಗೆ ಹಾಕಿದರು. ಅಲ್ಲೂ ಅದೇ. ನಾಯಿಯ ಉಣ್ಣಿ ಕುಡಿದು ತೃಪ್ತಿಯಾದ ಮೇಲೆ ಕೆಳಗಿಳಿದು ಗೋಡೆ ಹತ್ತಿ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆಂದೂ, ನಾವು ಕೆಂಚನನ್ನು ಕಾಪಾಡಲೆಂದು ಕಟ್ಟಿಹಾಕಿದ ಜಾಗವೇ ಅವುಗಳ ಮನೆಯೆಂದೂ ಆಗ ತಿಳಿಯಿತು. ಬೊಳ್ಳನೂ ಇದೇ ಗೋಡೆಗೆ ಒರಗಿ ಮಲಗುತ್ತಿತ್ತೆಂದು ತಂದೆಯವರು ಮೆಲ್ಲಗೆ ಹೇಳಿದರು.

"ಇದು ಯಾರ ಗೋಡೆ?" ಎಂದು ಡಾಕ್ಟರು ಕೇಳಿದರು.

ಅದು ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ತಂದೆಯವರು ಗಂಟಲು ಸರಿಮಾಡಿಕೊಂಡರು.

"ಜಾಗ ನಂದು ಸಾರ್. ಕಟ್ಟಿದೋನು ಅವ್ನು."

ಗೋಡೆಯ ಆಚೆಯಿಂದ ದೊಡ್ಡಪ್ಪನವರ ದನಿ ಬಂತು. ಅವರು ಅಲ್ಲೇ ನಿಂತು ಕೇಳುತ್ತಿದ್ದಿರಬೇಕು.

"ಕಟ್ಟಿದ್ದು ನಾನೇ ಸಾರ್, ನನ್ ಜಾಗದಲ್ಲಿ."

"ಯಾರದಾದರೂ ಇರಲಿ. ಒಂದು ಕಡೆ ಮಾತ್ರ ಮುಚ್ಚಿದರೆ ಇನ್ನೊಂದು ಕಡೆ ಬರುತ್ತವೆ. ಮದ್ದು ಹೊಡೆದು ಎರಡೂ ಕಡೆ ಒಂದೇ ದಿನ ಗಿಲಾವು ಮಾಡಬೇಕು. ಇಲ್ಲವಾದರೆ ಮಾತ್ರೆ ಮುಗಿದ ಮೇಲೆ ಈ ನಾಯಿ ಮತ್ತೆ ಬೀಳುತ್ತದೆ, ಆಮೇಲೆ ಉಳಿಯೋದಿಲ್ಲ" ಎಂದು ಡಾಕ್ಟರು ಹಾಲಿನ ಪಾತ್ರೆ ಎತ್ತಿಕೊಂಡು ಹೊರಟುಹೋದರು.

ಅನಂತರದ ಮಾತುಕತೆಯು ಅಜ್ಜಿಯ ಮುಖಾಂತರ ನಡೆಯಿತು. ಅಜ್ಜಿ ನಡುಗೋಡೆಯ ಬಾಗಿಲಿನ ಹೊಸ್ತಿಲ ಮೇಲೆ, ಒಂದು ಕಾಲು ಈ ಕಡೆ ಒಂದು ಕಾಲು ಆ ಕಡೆ ಇಟ್ಟು ಕುಳಿತರು.

"ಅವ್ನಿಗೆ ಹೇಳವ್ವ, ಗಿಲಾವು ಮಾಡ್ದ ಮಾತ್ರಕ್ಕೆ ನಾನು ಆ ಗೇಣು ಜಾಗ ಬುಟ್ಟೆ ಅಂತ ಆಗಾಕಿಲ್ಲ" ಎಂದರು ತಂದೆಯವರು.

"ಅವ್ನಿಗೆ ಹೇಳವ್ವ, ನಂಗೂ ಕಿವಿ ಅದೆ. ಆ ಗೇಣು ನಾನೂ ಬುಟ್ಟಿಲ್ಲ."

"ಇಬ್ರೂ ಬುಡ್ಬ್ಯಾಡಿ. ಗೇಣಿಗೂ ಸೇರಿಸಿ ಮಣ್ ಮೆತ್ತಿ" ಎಂದರು ಅಜ್ಜಿ.

ಕೆಲಸವು ಒಂದು ಭಾನುವಾರ ನಡೆಯಿತು. ಎರಡೂ ಕಡೆ ಮಣ್ಣು, ಹೊಟ್ಟು, ಸಗಣಿ ಕಲಸಿದರು. ಡಾಕ್ಟರು ಕೊಟ್ಟ ಮದ್ದನ್ನು ಸಂದುಸಂದಿಗೆ ಹೊಡೆದು, ಅದು ಆರಿದ ಮೇಲೆ ಮೆತ್ತಲು ಆರಂಭಿಸಿದರು. ಸಹಕಾರದ ಕೆಲಸವೆಂದು ಇದನ್ನು ಕರೆಯಲು ನನಗೆ ಧೈರ್ಯವಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ಕಣ್ಣಿಟ್ಟಿದ್ದರು. ತಂದೆಯವರು ನಡುನಡುವೆ ಬಂದು ಬಾಗಿಲಿನಿಂದ ಇಣುಕಿ ನೋಡಿ ಹೋಗುತ್ತಿದ್ದರು.

"ನೋಡ್ದಾ? ಅವ್ನು ಮೇಲಿಂದ ಮೆತ್ಕಂಡ್ ಬತ್ತಾವ್ನೆ. ಎಲ್ಲಾ ಕೆಳ್ಗಿಂದ ನಮ್ ಕಡೆ ನುಗ್ಲಿ ಅಂತ" ಎಂದು ತಾಯಿಯವರಿಗೆ ಹೇಳಿದರು. "ನಾವು ಕೆಳ್ಗಿಂದ ಶುರು ಮಾಡಮ."

ಆಗ ಆ ಕಡೆಯಿಂದ, ಪಾಲಾದ ಮೇಲೆ ನಮ್ಮ ಕಡೆಗೆ ಒಂದು ಮಾತನ್ನೂ ಆಡದಿದ್ದ ನನ್ನ ದೊಡ್ಡವ್ವ, ಅಂದರೆ ದೊಡ್ಡಪ್ಪನವರ ಹೆಂಡತಿ, ಯಾರನ್ನೂ ಉದ್ದೇಶಿಸದೆ ದನಿ ಎತ್ತಿದರು.

"ನಮ್ ಕಾಳಿ ನಾಯಿ ಮರಿಗೋಳು ಎಲ್ಲಾ ಒಂದೇ ವಾರ್ದಲ್ಲಿ ಸತ್ವಲ್ಲ, ಮೂಗಲ್ಲಿ ರಕ್ತ ಬಂದು. ನಾವ್ ಯಾರ್ ಬಾಗ್ಲಿಗೆ ಹೋಗಿ ಕೂಗಾಡಿದ್ವಿ? ಮನಸ್ಸಲ್ಲಿ ಅನ್ಕಂಡು ಸುಮ್ನಿದ್ವಿ."

ತಾಯಿಯವರ ಕೈಯಲ್ಲಿದ್ದ ಮಣ್ಣಿನ ಮುದ್ದೆ ಹಾಗೆಯೇ ನಿಂತಿತು. ನಾವು ಅವರನ್ನು ಶಂಕಿಸಿದಷ್ಟು ಕಾಲವೂ ಅವರು ನಮ್ಮನ್ನು 'ಮನಸ್ಸಲ್ಲಿ ಅನ್ಕಂಡು' ಇದ್ದರೆಂಬುದು ನಮ್ಮ ಕಡೆಯವರಿಗೆ ಅಂದೇ ಮೊದಲು ತಿಳಿದದ್ದು. ತಂದೆಯವರಿಗೆ ಇದರಿಂದ ಬಹಳ ಅವಮಾನವಾಯಿತು. "ನಮ್ನೇ ಅನ್ಕಂಡಿದ್ರಾ!" ಎಂದು ಮಧ್ಯಾಹ್ನದ ಊಟದವರೆಗೂ ಗೊಣಗುತ್ತಿದ್ದರು. ಸಂಜೆಯ ಹೊತ್ತಿಗೆ ಗೋಡೆಯು ಎರಡೂ ಕಡೆಯಿಂದ ಮುಚ್ಚಿಹೋಯಿತು. ಮರುವಾರ ಸುಣ್ಣ ಬಿತ್ತು.

ಕೆಂಚ ಎದ್ದು ಓಡಾಡಲು ಇನ್ನೂ ಸಾಕಷ್ಟು ಕಾಲ ಹಿಡಿಯಿತು. ಮಾತ್ರೆ ಮುಗಿಯುವ ಮೊದಲೊಂದು ಮಧ್ಯಾಹ್ನ, ತಾಯಿಯವರು ಅವನ ಗಂಜಿ ಆರಿಸುತ್ತಿದ್ದಾಗ, ಅವನು ಕೊಟ್ಟಿಗೆಯಿಂದ ನಡೆದು ಬಂದು, ತಾಯಿಯವರನ್ನು ದಾಟಿ, ಗಂಜಿಯನ್ನು ದಾಟಿ, ನಡುಗೋಡೆಯ ಬಾಗಿಲಲ್ಲಿ ಆ ಕಡೆಗೆ ಹೋದ. ಅಲ್ಲಿ ದೊಡ್ಡವ್ವ ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದರು. ಕೆಂಚ ಅವರ ಮುಂದೆ ಕುಳಿತು ಬಾಲವನ್ನು ನೆಲಕ್ಕೆ ಬಡಿದ. ಕಾಯಿಲೆಯಾದ ಮೇಲೆ ಅವನು ತಾನಾಗಿ ಊಟ ಕೇಳಿದ್ದು ಅದೇ ಮೊದಲು. ದೊಡ್ಡವ್ವ ಒಂದು ತುಂಡು ಮುದ್ದೆ ಮುರಿದರು. ಹಾಕಲಿಲ್ಲ. ಬಾಗಿಲಿನ ಈಚೆ ಬಂದು ನಿಂತ ನನ್ನ ತಾಯಿಯವರನ್ನು ನೋಡಿದರು. ಆ ತುಂಡಿನಿಂದ ಒಂದು ಚೂರು ಚಿವುಟಿ ತಮ್ಮ ಬಾಯಿಗೆ ಹಾಕಿಕೊಂಡು ನುಂಗಿ, ಉಳಿದದ್ದನ್ನು ತಟ್ಟೆಗೆ ಹಾಕಿದರು.

ತಾಯಿಯವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು. ಕೆಂಚನನ್ನು ಕರೆದರೆ ಬರುತ್ತಿರಲಿಲ್ಲ. ಎಳೆದುಕೊಂಡು ಬರಬೇಕಾದರೆ ಆ ಕಡೆ ಕಾಲಿಡಬೇಕು.

"ಸಾರು ಹಾಕ್ಬ್ಯಾಡ. ಖಾರ ಆಗಾಕಿಲ್ಲ ಅದ್ಕೆ. ಡಾಕ್ಟ್ರು ಹೇಳವ್ರೆ" ಎಂದರು.

"ಹಾಕಿಲ್ಲ. ಮಜ್ಜಿಗೆ ಒಸಿ ಹಾಕಿದೀನಿ."

"ಏನ್ ಮಜ್ಜಿಗೆಯೋ, ಯಾವತ್ತಿಂದೋ."

"ನಂಬ್ಕೆ ಇಲ್ದಿದ್ರೆ ಬಂದು ನೋಡ್ಕೊ, ತಂಗಿ."

ತಾಯಿಯವರಿಗೆ ನಂಬಿಕೆ ಇರಲಿಲ್ಲ. ಆದ್ದರಿಂದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾಲಾದಂದಿನಿಂದ ಒಮ್ಮೆಯೂ ದಾಟದಿದ್ದ ಆ ಹೊಸ್ತಿಲನ್ನು ದಾಟಿ, ನೇರವಾಗಿ ದೊಡ್ಡವ್ವನ ಒಲೆಯ ಹತ್ತಿರ ಹೋಗಿ, ಮಜ್ಜಿಗೆಯ ಮಡಕೆಯ ಮುಚ್ಚಳ ತೆಗೆದು ಬಗ್ಗಿ ಮೂಸಿ ನೋಡಿದರು. ಮರುದಿನವೂ ಪರೀಕ್ಷಿಸಲೆಂದು ಹೋದರು. ಅದರ ಮರುದಿನವೂ. ಪರೀಕ್ಷೆಯನ್ನು ಅವರು ಯಾವತ್ತೂ ನಿಲ್ಲಿಸಲಿಲ್ಲ.

ಮೇಲ್ಕಂಡ ಸಂಗತಿಗಳನ್ನು ನನಗೆ ನೆನಪಿರುವಂತೆ ಬರೆದಿದ್ದೇನೆ. ಒತ್ತಕ್ಷರ ಬಿಟ್ಟುಹೋಗಿದ್ದರೆ, ದೀರ್ಘವಿರಬೇಕಾದಲ್ಲಿ ಹ್ರಸ್ವವಾಗಿದ್ದರೆ, ಓದುಗರು ದಯಮಾಡಿ ಅಲ್ಲಲ್ಲೇ ತಿದ್ದಿಕೊಳ್ಳಬೇಕು. ಗೋಡೆಯ ಆ ಬದಿಯಲ್ಲಿ ಬೆಳೆದ ನನ್ನ ದೊಡ್ಡಪ್ಪನ ಮಕ್ಕಳ ಕೈಗೆ ಇದು ಸಿಕ್ಕಿದರೆ, ಸಂಗತಿಗಳಲ್ಲಿರುವ ತಪ್ಪನ್ನೂ ಅವರು ತಿದ್ದಿ ತಿಳಿಸಬೇಕಾಗಿ ವಿನಂತಿ. ಬಂದ ತಿದ್ದುಪಡಿಯನ್ನು ನಾನು ಖಂಡಿತವಾಗಿ ಓದುತ್ತೇನೆ. ನಂಬುವೆನೆಂದು ಮಾತು ಕೊಡಲಾರೆ.